ಹೊಲ ಪ್ಲಾಟಾಗುವ ಮುನ್ನ
(ಚಿಮ್ಮಡ ಸೀಮೆಯ ರೈತರಿಗೆ ಭೂಬಳಕೆ ಕಾಯ್ದೆಯ ಪರಿಚಯ)



ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಇರುವ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಎರಡು ಬೆಳೆ ಸಾಮಾನ್ಯವಾಗಿ ಕಾಣುತ್ತವೆ. ಒಂದು ಹೊಲದೊಳಗಿನ ಕಬ್ಬು, ಇನ್ನೊಂದು ರಸ್ತೆ ಬದಿಗೆ ನೆಟ್ಟ ಪ್ಲಾಟಿನ ಕಲ್ಲು. ಚಿಮ್ಮಡದಂಥ ಊರಿನ ರಸ್ತೆಗೆ ಹತ್ತಿದ ಹೊಲವಿದ್ದರೆ, ಇಂದಲ್ಲ ನಾಳೆ ದಲಾಲರು ನಿಮ್ಮ ಮನೆಗೆ ಬಂದೇ ಬರುತ್ತಾರೆ. ಕೊಡುವುದು, ಬಿಡುವುದು ನಿಮ್ಮ ಇಚ್ಛೆ. ಆದರೆ ಮುಂಗಡ ಹಿಡಿಯುವ ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ: ಹೊಲದ ಮಾಲಿಕತ್ವ ಬೇರೆ, ಹೊಲದ ಬಳಕೆ ಬೇರೆ. ಉತಾರದಲ್ಲಿ ನಿಮ್ಮ ಹೆಸರಿದ್ದ ಮಾತ್ರಕ್ಕೆ ಅಲ್ಲಿ ಬೇಕಾದದ್ದನ್ನು ಕಟ್ಟಲು ಬರುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ?

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೆಯ ಕಲಮಿನಂತೆ, ಸಾಗುವಳಿಗೆಂದು ಕಂದಾಯ ನಿಗದಿಯಾದ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಅನುಮತಿ ಪಡೆಯತಕ್ಕದ್ದು. ಇದನ್ನೇ ನಮ್ಮ ಕಡೆ ಎನ್.ಎ. ಅಥವಾ ಬಿನ್‌ಶೇತ್ಕಿ ಮಾಡಿಸುವುದು ಎನ್ನುತ್ತೇವೆ. ಅನುಮತಿ ಇಲ್ಲದೆ ಬಳಕೆ ಬದಲಿಸಿದರೆ 96ನೆಯ ಕಲಮಿನ ಮೇರೆಗೆ ದಂಡವುಂಟು, ಕಟ್ಟಿದ್ದನ್ನು ತೆಗೆಸಲೂಬಹುದು.

ಎಲ್ಲಕ್ಕೂ ಅನುಮತಿ ಬೇಕೆಂದು ಅಂಜಬೇಕಾಗಿಲ್ಲ. ಬಾವಿ ತೋಡುವುದು, ಒಕ್ಕಲುತನದ ಸಾಮಾನು, ಗೊಬ್ಬರ, ಮೇವು, ಬೆಳೆ ಇಡುವ ಕೊಠಡಿ, ದನದ ಕೊಟ್ಟಿಗೆ, ನಿಮ್ಮ ಮನೆಯವರು ಹಾಗೂ ಆಳುಮಕ್ಕಳು ಇರಲು ತೋಟದ ಮನೆ — ಇವು ಒಕ್ಕಲುತನದ ಕಟ್ಟಡಗಳೇ. ಮಿತಿಯೊಳಗೆ ಇವನ್ನು ಕಟ್ಟಿಕೊಳ್ಳಬಹುದು. ಆದರೆ ಬಾಡಿಗೆಗೆ ಕೊಡುವ ಅಂಗಡಿ, ಢಾಬಾ, ಪವರ್‌ಲೂಮ್ ಶೆಡ್ಡು ಒಕ್ಕಲುತನದ ಕಟ್ಟಡಗಳಲ್ಲ. ಅವುಗಳ ನಿಯಮ ಏನೆಂದು ತಹಶೀಲ್ದಾರ ಕಚೇರಿಯಲ್ಲಿ ಮೊದಲೇ ವಿಚಾರಿಸಿರಿ.

2020ರ ತಿದ್ದುಪಡಿ: ಒಂದು ತಪ್ಪು ತಿಳುವಳಿಕೆ

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಲಾಯಿತು. ಅಂದಿನಿಂದ ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದಾಗಿದೆ. “ಈಗ ಯಾರು ಬೇಕಾದರೂ ಕೊಳ್ಳಬಹುದು, ಎನ್.ಎ. ಯಾಕೆ ಬೇಕು?” ಎಂದು ಕೆಲವರು ಹೇಳುವುದುಂಟು. ಇದು ತಪ್ಪು. ತಿದ್ದುಪಡಿ ಸಡಿಲಿಸಿದ್ದು ಕೊಳ್ಳುವವರ ಮೇಲಿನ ನಿರ್ಬಂಧವನ್ನು, ಹೊಲದ ಬಳಕೆಯನ್ನಲ್ಲ.

ವಲಯ ಎಂದರೇನು?

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಪಟ್ಟಣ ಮತ್ತು ಅದರ ಸುತ್ತಲಿನ ಕೆಲವು ಹಳ್ಳಿಗಳನ್ನು ಸೇರಿಸಿ ಮಹಾಯೋಜನೆ ತಯಾರಾಗುತ್ತದೆ. ಅದರ ನಕ್ಷೆಯಲ್ಲಿ ವಸತಿ, ವಾಣಿಜ್ಯ, ಕೈಗಾರಿಕೆ, ಉದ್ಯಾನ, ಕೃಷಿ ಎಂದು ವಲಯಗಳನ್ನು ಬಣ್ಣ ಹಚ್ಚಿ ಗುರುತಿಸಿರುತ್ತಾರೆ. ನಿಮ್ಮ ಸರ್ವೇ ನಂಬರು ಆ ನಕ್ಷೆಯೊಳಗೆ ಬಂದು, ಕೃಷಿ ವಲಯದಲ್ಲಿದ್ದರೆ, ಅಲ್ಲಿ ವಸತಿ ಬಡಾವಣೆಗೆ ಮಂಜೂರಾತಿ ದೊರೆಯುವುದು ಕಷ್ಟ. ನಕ್ಷೆಯ ಹೊರಗಿದ್ದರೂ ಬಡಾವಣೆಯ ನಕಾಶೆಗೆ ಅನುಮೋದನೆ ಬೇಕು. ಎನ್.ಎ. ಆದೇಶ ಒಂದು ಕಾಗದ, ಬಡಾವಣೆಯ ಅನುಮೋದನೆ ಇನ್ನೊಂದು ಕಾಗದ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಸಿಕ್ಕಂತಲ್ಲ.

ಲೆಕ್ಕ ಮಾಡಿ ನೋಡಿರಿ

ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. 30×40 ಅಡಿಯ ಪ್ಲಾಟು 1,200 ಚದರ ಅಡಿ. ದಲಾಲರು ಭಾಗಿಸಿ “36 ಪ್ಲಾಟು” ಎನ್ನುತ್ತಾರೆ. ಆದರೆ ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಜಾಗ ಬಿಡಬೇಕು. ಪ್ಲಾಟಿಗೆ ನೂರಕ್ಕೆ 55 ಭಾಗ ಉಳಿಯಿತೆಂದು ಹಿಡಿದರೆ ಸಿಗುವುದು ಸುಮಾರು 20 ಪ್ಲಾಟು. ಚರಂಡಿ, ನೀರು, ವಿದ್ಯುತ್ತಿನ ಖರ್ಚು ಮತ್ತೆ ಬೇರೆ. 36ರ ಲೆಕ್ಕ ಹೇಳುವವನು ಒಂದೋ ನಿಮಗೆ ಆಸೆ ತೋರಿಸುತ್ತಿದ್ದಾನೆ, ಇಲ್ಲವೇ ಅನುಮೋದನೆ ಇಲ್ಲದೆ ಮಾರಲು ಹೊರಟಿದ್ದಾನೆ.

ಅನುಮೋದನೆ ಇಲ್ಲದ ಪ್ಲಾಟು ಕೊಂಡವರ ಪಾಡು ಕೇಳಬೇಡಿ. ಗ್ರಾಮ ಪಂಚಾಯತಿಯಲ್ಲಿ ಸಕ್ರಮ ಆಸ್ತಿಯ ಇ-ಸ್ವತ್ತು ನಮೂನೆ ಸಿಗದು. ಬ್ಯಾಂಕಿನ ಮನೆಸಾಲ ಹುಟ್ಟದು. ನಮೂನೆ 11ಬಿ ಕೊಟ್ಟರೂ ಅದರಿಂದ ಬಡಾವಣೆ ಸಕ್ರಮವಾಗುವುದಿಲ್ಲ. ಕೊಂಡವರು ಬಹುಮಟ್ಟಿಗೆ ನಿಮ್ಮ ಊರವರೇ, ಬೀಗರೇ ಆಗಿರುತ್ತಾರೆ. ದಲಾಲ ಹೋದ ಮೇಲೆ ಅವರು ಬಂದು ನಿಲ್ಲುವುದು ನಿಮ್ಮ ಬಾಗಿಲಿಗೆ.

ಸಹಿ ಹಾಕುವ ಮುನ್ನ

1. ಜಮೀನು ಗಾಂವಠಾಣದ ಒಳಗಿದೆಯೋ, ಹೊರಗೆ ಸರ್ವೇ ನಂಬರಿನಲ್ಲಿದೆಯೋ ನೋಡಿಕೊಳ್ಳಿರಿ.
2. ಉತಾರದಲ್ಲಿ ಅಣ್ಣತಮ್ಮಂದಿರ ಹೆಸರು, ಸಂಘದ ಬೋಜಾ ಇದ್ದರೆ ಮೊದಲು ಅದನ್ನು ಬಗೆಹರಿಸಿರಿ.
3. ಸರ್ವೇ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ 11ಇ ನಕ್ಷೆ ಮಾಡಿಸಿರಿ.
4. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ, 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಾಟ ಸಲ್ಲದು.
5. ಮಹಾಯೋಜನೆಯಲ್ಲಿ ಯಾವ ವಲಯವೆಂದು ಯೋಜನಾ ಪ್ರಾಧಿಕಾರದಲ್ಲಿ ಅಥವಾ ಜಿಲ್ಲೆಯ ನಗರ ಯೋಜನಾ ಕಚೇರಿಯಲ್ಲಿ ಬರೆಹದಲ್ಲಿ ಪಡೆಯಿರಿ.
6. ರಸ್ತೆಯಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕೆಂದು ಲೋಕೋಪಯೋಗಿ ಇಲಾಖೆಯಲ್ಲಿ ಕೇಳಿರಿ.
7. ಖಾಲಿ ಕಾಗದಕ್ಕಾಗಲಿ, ಓದದ ಮುಖತ್ಯಾರ ಪತ್ರಕ್ಕಾಗಲಿ ಸಹಿ ಹಾಕಬೇಡಿರಿ.

ಯಾವ ಹೊಲ ಕೊಡಬೇಕು?

ಕೊಡಲೇಬೇಕಾದ ಪ್ರಸಂಗ ಬಂದರೆ ಮಣ್ಣನ್ನೂ ನೋಡಿರಿ. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲಿನ ಮನೆಯ ತಳಪಾಯಕ್ಕೆ ಖರ್ಚು ಹೆಚ್ಚು, ಗೋಡೆ ಸೀಳುವ ಭಯ ಬೇರೆ. ಮರಡಿ ಭೂಮಿಯಲ್ಲಿ ಬೆಳೆ ಕಡಿಮೆ, ತಳಪಾಯ ಗಟ್ಟಿ. ಮನೆಗೆ ಮರಡಿ, ಬೆಳೆಗೆ ಎರೆ ಎಂಬುದು ಕಾಯ್ದೆ ಹುಟ್ಟುವ ಮೊದಲೇ ನಮ್ಮ ಹಿರಿಯರು ಪಾಲಿಸಿದ ವಲಯ ಪದ್ಧತಿ. ನೀರು ಹಾಯುವ ಎರೆ ಹೊಲದ ಮೇಲೆ ಒಮ್ಮೆ ಖಡಿ ಬಿದ್ದು ಪಾಯ ಎದ್ದರೆ, ಆ ಮಣ್ಣು ತಿರುಗಿ ಹೊಲವಾಗುವುದಿಲ್ಲ. ಬಂದ ರೊಕ್ಕ ಮದುವೆ, ಮನೆ, ಗಾಡಿಗಳಲ್ಲಿ ಕರಗಿದ ಮೇಲೆ ಮಕ್ಕಳಿಗೆ ಉಳಿಯುವುದೇನು ಎಂಬುದನ್ನು ಮನೆಯವರೆಲ್ಲ ಕೂಡಿ ಕುಳಿತು ವಿಚಾರ ಮಾಡಿರಿ. ಆಮೇಲೆ ಸಹಿ ಹಾಕಿರಿ.