ತಲೆ ಸುತ್ತು: ಕಾರಣ ಮತ್ತು ಚಿಕಿತ್ಸೆ

‘ತಲೆ ಸುತ್ತು’ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಅನುಭವಗಳನ್ನು ಹೇಳಿಬಿಡುತ್ತೇವೆ. ಕೋಣೆಯೇ ಗಿರಗಿರನೆ ತಿರುಗಿದಂತಾಗುವುದು ಒಂದು. ಥಟ್ಟನೆ ಎದ್ದಾಗ ಕಣ್ಣು ಕತ್ತಲೆಗಟ್ಟಿ ಬವಳಿ ಬಂದಂತಾಗುವುದು ಇನ್ನೊಂದು. ನಡೆಯುವಾಗ ಕಾಲು ತಡವರಿಸುವುದು ಮೂರನೆಯದು. ವೈದ್ಯರು ವರ್ಟಿಗೋ ಎನ್ನುವುದು ಮೊದಲನೆಯದನ್ನು. ಸುತ್ತು ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಕಾರಣವೂ ಬಹುಮಟ್ಟಿಗೆ ದೊರೆತಂತೆ.

ಸಿಂಗಪುರದ ಚೋವಾ ಚು ಕಾಂಗ್‌ನಲ್ಲಿ ವೈದ್ಯವೃತ್ತಿ ನಡೆಸುವ ನನ್ನ ಬಳಿಗೆ, ಮಕ್ಕಳ ಮನೆಗೆಂದು ಊರಿನಿಂದ ಬಂದ ಹಿರಿಯರು ಈ ತೊಂದರೆಯೊಡನೆ ಬರುವುದುಂಟು. ‘ಪಿತ್ತ ನೆತ್ತಿಗೇರಿದೆ’ ಎನ್ನುವವರು ಕೆಲವರು, ‘ಕತ್ತಿನ ಮೂಳೆ ಸವೆದಿದೆ’ ಎನ್ನುವವರು ಕೆಲವರು. ಬಿಡಿಸಿ ಕೇಳಿದರೆ, ‘ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮನೆಯೇ ತಿರುಗುತ್ತದೆ ಡಾಕ್ಟರೇ, ಅರ್ಧ ನಿಮಿಷಕ್ಕೆ ನಿಲ್ಲುತ್ತದೆ’ ಎಂಬ ಮಾತು ಹೊರಬರುತ್ತದೆ. ಬಿಪಿಪಿವಿ ಎಂಬ ತೊಂದರೆಯ ಲಕ್ಷಣ ಇದೇ. ವರ್ಟಿಗೋ ಬರುವ ಕಾರಣಗಳಲ್ಲಿ ಅತ್ಯಂತ ಸಾಮಾನ್ಯವಾದುದೂ ಇದೇ.

ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದ ದಿಕ್ಕನ್ನು ಮಿದುಳಿಗೆ ತಿಳಿಸುವುದು ಅವುಗಳ ಕೆಲಸ. ಪಕ್ಕದ ಪುಟ್ಟ ಚೀಲದಲ್ಲಿ, ಲೋಳೆಯಂತಹ ಪೊರೆಯ ಮೇಲೆ, ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಹರಳುಗಳು ಕಳಚಿ ನಾಳದೊಳಕ್ಕೆ ಜಾರುತ್ತವೆ. ತಲೆ ವಾಲಿದಾಗ ಅವು ಉರುಳಿ ದ್ರವವನ್ನು ಕದಡುತ್ತವೆ. ‘ತಿರುಗುತ್ತಿದ್ದೇವೆ’ ಎಂದು ಆ ಕಿವಿ ಹೇಳಿದರೆ, ‘ಇಲ್ಲ’ ಎಂದು ಇನ್ನೊಂದು ಕಿವಿ ಹೇಳುತ್ತದೆ. ಈ ತಕರಾರೇ ಸುತ್ತು ಮತ್ತು ವಾಕರಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಹರಳು ತಳ ಸೇರಿದೊಡನೆ ಸುತ್ತು ನಿಲ್ಲುತ್ತದೆ.

1914ರ ನೊಬೆಲ್ ಪುರಸ್ಕೃತ ರಾಬರ್ಟ್ ಬಾರಾನಿ ಈ ಕಾಯಿಲೆಯನ್ನು 1921ರಲ್ಲಿ ವರ್ಣಿಸಿದರು. ಇದನ್ನು ಗುರುತಿಸುವ ಪರೀಕ್ಷೆಯನ್ನು ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ವಿವರಿಸಿದರು. ಹರಳನ್ನು ಸ್ವಸ್ಥಾನಕ್ಕೆ ಮರಳಿಸುವ ಕ್ರಮವನ್ನು ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದರು. ರೋಗಿಯ ತಲೆಯನ್ನು ತೊಂದರೆಯಿರುವ ಕಿವಿಯತ್ತ 45 ಡಿಗ್ರಿ ತಿರುಗಿಸಿ, ಹಿಂದಕ್ಕೆ ಮಲಗಿಸಿ, ಅನಂತರ ತಲೆಯನ್ನು ಇನ್ನೊಂದು ಬದಿಗೆ ಹೊರಳಿಸಿ, ಆ ಮಗ್ಗುಲಿಗೇ ಮುಖ ಕೆಳಗಾಗುವಂತೆ ಮಲಗಿಸಿ, ಕೊನೆಗೆ ಎಬ್ಬಿಸಿ ಕೂರಿಸುತ್ತೇವೆ. ಪ್ರತಿ ಭಂಗಿಯಲ್ಲೂ ಅರ್ಧದಿಂದ ಒಂದು ನಿಮಿಷ ಕಾಯಬೇಕು. ಬಹುಪಾಲು ರೋಗಿಗಳು ಒಂದೆರಡು ಸಲಕ್ಕೇ ಗುಣವಾಗುತ್ತಾರೆ. ಯಾವ ಕಿವಿ, ಯಾವ ನಾಳ ಎಂಬುದು ಖಚಿತವಾಗಬೇಕಾದ್ದರಿಂದ ಮೊದಲ ಬಾರಿ ವೈದ್ಯರ ಕೈಯಲ್ಲೇ ಮಾಡಿಸಿಕೊಳ್ಳುವುದು ಲೇಸು.

ಮಾತ್ರೆಯಿಂದ ಹರಳು ಕದಲುವುದಿಲ್ಲ. ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್ ಮೊದಲಾದವು ವಾಕರಿಕೆಯನ್ನು ಎರಡು ಮೂರು ದಿನ ಅಡಗಿಸಲು ಸಾಕು. ಹಿರಿಯರು ಇವನ್ನು ತಿಂಗಳುಗಟ್ಟಲೆ ನುಂಗುತ್ತಿದ್ದರೆ ಪಾರ್ಕಿನ್ಸನ್ ಕಾಯಿಲೆಯಂತೆ ಕೈನಡುಕ, ಮೈಬಿಗಿತ ಬರಬಹುದು. ಊರಿನಿಂದ ತಂದ ಮಾತ್ರೆಗಳ ಚೀಲವನ್ನು ವೈದ್ಯರಿಗೆ ತೋರಿಸಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಸುತ್ತೆಲ್ಲವೂ ಹರಳಿನದಲ್ಲ. ಗಂಟೆಗಟ್ಟಲೆ ಇದ್ದು, ಕಿವಿ ಮಂದವಾಗಿ ಮೊರೆಯುತ್ತಿದ್ದರೆ ಮೆನಿಯರ್ ಕಾಯಿಲೆಯಿರಬಹುದು. ದಿನಗಟ್ಟಲೆ ಬಿಡದಿದ್ದರೆ ಒಳಗಿವಿಯ ನರದ ಉರಿಯೂತವಿರಬಹುದು. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಅಂಕ ಕುಸಿದರೆ ಬವಳಿಯ ಮೂಲ ಅಲ್ಲಿದೆ. ಇಲ್ಲಿನ ಸೆಕೆಯಲ್ಲಿ ನೀರು ಸಾಲದಿರುವುದು, ಬಿಪಿ ಮಾತ್ರೆ ಹೆಚ್ಚಾಗಿರುವುದು ಅದಕ್ಕೆ ಕಾರಣವಾಗಬಹುದು. ಆದರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಒಂದು ಸಂದರ್ಭದಲ್ಲಿ ಮಾತ್ರ ಕಾಯುವಂತಿಲ್ಲ. ಹಠಾತ್ತನೆ ಸುತ್ತು ಬಂದು, ಅದರೊಡನೆ ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮುಖ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಆಸರೆಯಿಲ್ಲದೆ ನಿಲ್ಲಲಾಗದಿರುವುದು, ಹಿಂದೆಂದೂ ಕಾಣದ ತಲೆನೋವು, ಇವುಗಳಲ್ಲಿ ಒಂದಿದ್ದರೂ ಅದು ಮಿದುಳಿನ ಪಾರ್ಶ್ವವಾಯುವಾಗಿರಬಹುದು. ಸಿಂಗಪುರದಲ್ಲಿ 995, ಕರ್ನಾಟಕದಲ್ಲಿ 108ಕ್ಕೆ ಕೂಡಲೇ ಕರೆ ಮಾಡಬೇಕು. ಕಿರುಮಿದುಳಿನ ಪಾರ್ಶ್ವವಾಯುವಿನಲ್ಲಿ ಮೊದಲ ಸಿ.ಟಿ. ಸ್ಕ್ಯಾನ್ ಸಹಜವಾಗಿಯೇ ಕಾಣಬಹುದು. ಆದ್ದರಿಂದ ಈ ಲಕ್ಷಣಗಳನ್ನು ಮನೆಯವರು ಬಿಡಿಸಿ ಹೇಳುವುದು ಬಹಳ ಮುಖ್ಯ.

ಬಿಪಿಪಿವಿಯಿಂದ ಪ್ರಾಣಕ್ಕೆ ಅಪಾಯವಿಲ್ಲ, ಬಿದ್ದರೆ ಅಪಾಯವಿದೆ. ಬೀಳುವ ಭಯದಿಂದ ನಡೆದಾಟವನ್ನೇ ಬಿಟ್ಟ ಹಿರಿಯರು ಬೇಗ ಕುಗ್ಗುತ್ತಾರೆ. ಏಳುವ ಮುನ್ನ ಹಾಸಿಗೆಯಂಚಿನಲ್ಲಿ ಒಂದು ನಿಮಿಷ ಕುಳಿತಿರಲಿ, ಬಚ್ಚಲಿನ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪವಿರಲಿ. ಸುತ್ತು ನಿಂತ ಮೇಲೆ ಸಂಜೆಯ ನಡಿಗೆ ತಪ್ಪದಿರಲಿ.