ವಿರಾಲ್ ಮೀನಿಗೆ ಎಷ್ಟು ಉದ್ದದ ಹುಸಿಮೀನು?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕೆರೆ ಏರಿಗಳ ಮೇಲೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಗಾಳಗಾರರು ಕಾಣಸಿಗುತ್ತಾರೆ. ಅವರ ಬಳಿ ಎರೆಹುಳುವಿನ ಡಬ್ಬಿಯಿಲ್ಲ, ಹಿಟ್ಟಿನ ಉಂಡೆಯಿಲ್ಲ. ರಾಟೆ ಜೋಡಿಸಿದ ಕೋಲು, ಗಟ್ಟಿ ದಾರ, ಪೆಟ್ಟಿಗೆಯೊಂದರಲ್ಲಿ ಸಾಲಾಗಿ ಮಲಗಿಸಿದ ರಬ್ಬರಿನ ಮೀನುಗಳು. ಇಷ್ಟೇ ಅವರ ಸಾಮಗ್ರಿ. ಎಳೆದಾಗ ಬಾಲವಾಡಿಸುತ್ತ ಈಜುವ ಈ ಹುಸಿಮೀನಿಗೆ ಸ್ವಿಮ್‌ಬೈಟ್ ಎಂದು ಹೆಸರು. ಅದು ಹೆಸರಾದದ್ದು ಅಮೆರಿಕದ ಬಾಸ್ ಮೀನಿನ ಬೇಟೆಯಲ್ಲಿ. ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ. ಅದರ ಸ್ಥಾನದಲ್ಲಿರುವುದು ಕನ್ನಡನಾಡಿನಲ್ಲಿ ಕೊರವ ಮೀನೆಂದೂ ಇಲ್ಲಿ ವಿರಾಲ್ ಎಂದೂ ಕರೆಯಲ್ಪಡುವ ಮೀನು. (ಹೆಸರಿನ ಹೋಲಿಕೆಯಿಂದ ಮೋಸಹೋಗಬಾರದು: ತಮಿಳಿನಲ್ಲಿ ಕುರವೈ ಎಂದರೆ ಅದೇ ಕುಲದ ಚಿಕ್ಕ ಮೀನು.) ಜೊಂಡಿನ ಮರೆಯಲ್ಲಿ ಹೊಂಚಿ ಕೂರುವುದರಲ್ಲಿ, ಅಗಲವಾದ ಬಾಯಿಯಲ್ಲಿ, ಮಿಂಚಿನಂತೆ ಎರಗುವುದರಲ್ಲಿ ಬಾಸ್ ಮತ್ತು ವಿರಾಲ್ ಸಮಾನಶೀಲದವು. ಆದುದರಿಂದಲೇ ಅಲ್ಲಿನ ಸಲಹೆಯನ್ನು ಇಲ್ಲಿಗೆ ಹಾಗೆಯೇ ತರುವ ಆಸೆ ಹುಟ್ಟುತ್ತದೆ. ತಪ್ಪು ಸಂಭವಿಸುವುದು ಅಳತೆಯಲ್ಲಿ.

ಎಂಟು, ಹತ್ತು ಅಂಗುಲದ ಭಾರಿ ಹುಸಿಮೀನುಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿದರೆ ಈ ತಪ್ಪು ಸ್ಪಷ್ಟವಾಗುತ್ತದೆ. ಕ್ಯಾಲಿಫೋರ್ನಿಯಾದ ಜಲಾಶಯಗಳಿಗೆ ಸಾಕಣೆಯ ಟ್ರೌಟ್ ಮೀನುಗಳನ್ನು ತಂದು ಬಿಡುತ್ತಿದ್ದರು. ಅಲ್ಲಿನ ಬಾಸ್ ಆ ಟ್ರೌಟ್‌ಗಳನ್ನೇ ನುಂಗಿ ಕೊಬ್ಬಿತು. ಗಾಳಗಾರರು ಟ್ರೌಟ್‌ನ ಉದ್ದಕ್ಕೇ ಮರ, ರಬ್ಬರುಗಳಿಂದ ಹುಸಿಮೀನು ಮಾಡಿದರು. ಬಾಸ್ ಮೀನಿನ ವಿಶ್ವದಾಖಲೆ ಹತ್ತು ಕಿಲೋ ತೂಕದ್ದು. 1932ರಲ್ಲಿ ಜಾರ್ಜಿಯಾದಲ್ಲಿ ಸ್ಥಾಪಿತವಾದ ಅದನ್ನು 2009ರಲ್ಲಿ ಜಪಾನಿನ ಬಿವಾ ಸರೋವರದ ಮೀನೊಂದು ಸರಿಗಟ್ಟಿತು. ಅಂತಹ ಮೀನಿನ ಬಾಯಿಯೇ ಬೇರೆ. ನಮ್ಮ ಕೆರೆಗಳಲ್ಲಿ ಒಂದೂವರೆ ಕಿಲೋದ ವಿರಾಲ್ ಸಿಕ್ಕರೆ ಗಾಳಗಾರನು ಭಾವಚಿತ್ರ ತೆಗೆಸಿಕೊಳ್ಳುತ್ತಾನೆ. ದೊಡ್ಡ ಎರೆಗೆ ದೊಡ್ಡ ಮೀನು ಎಂಬ ಮಾತು ಅರ್ಧ ಸತ್ಯ. ಉಳಿದರ್ಧವನ್ನು ಆ ನೀರಿನ ಆಹಾರವೇ ಹೇಳಬೇಕು.

ಇಲ್ಲಿನ ಆಹಾರವಾದರೂ ಏನು? ತಮಿಳರು ಕೆಂಡೈ ಎನ್ನುವ ಬೆಳ್ಳಿಬಣ್ಣದ ಸಣ್ಣ ಮೀನುಗಳು, ಕಪ್ಪೆ, ಸೀಗಡಿ, ಎಲ್ಲಕ್ಕಿಂತ ಹೆಚ್ಚಾಗಿ ಜಿಲೇಬಿ ಮರಿ. ಜಿಲೇಬಿ ಎಂಬ ತಿಲಾಪಿಯಾ ಆಫ್ರಿಕದ ಮೀನು. ಅದನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಉಡುಮಲೈ ಸಮೀಪದ ಅಮರಾವತಿ ಜಲಾಶಯವು ಅದರ ಫಸಲಿಗೇ ಹೆಸರಾಯಿತು. ಈಗ ಕೊಯಮತ್ತೂರಿನ ನೊಯ್ಯಲ್ ಕೆರೆಗಳಲ್ಲಿಯೂ ಅದೇ ಸಂತಾನ ತುಂಬಿದೆ. ಈ ಆಹಾರದಲ್ಲಿ ಬಹುಪಾಲು ಎರಡರಿಂದ ನಾಲ್ಕು ಅಂಗುಲದ ಒಳಗಿನದು. ಆದುದರಿಂದ ಕೆರೆಯ ಪರಿಚಯವಿಲ್ಲದವರು ಮೂರು ಅಂಗುಲದ, ಎಂದರೆ ಸುಮಾರು ಏಳೂವರೆ ಸೆಂಟಿಮೀಟರಿನ ಹುಸಿಮೀನಿನಿಂದ ಆರಂಭಿಸುವುದು ಲೇಸು. ಮೀನು ಎರಗಿಯೂ ಬಾಲವನ್ನಷ್ಟೇ ಕಚ್ಚಿ ಬಿಡುತ್ತಿದ್ದರೆ ಹುಸಿಮೀನು ದೊಡ್ಡದಾಯಿತೆಂದು ತಿಳಿಯಬೇಕು. ಅಂಗೈಯಷ್ಟು ಮೀನುಗಳೇ ಸಾಲಾಗಿ ಬೀಳುತ್ತಿದ್ದರೆ ನಾಲ್ಕಕ್ಕೆ ಏರಬಹುದು. ಐದು ಅಂಗುಲವನ್ನು ಮೀರುವ ಸಂದರ್ಭ ಈ ಸೀಮೆಯಲ್ಲಿ ವಿರಳ.

ಉದ್ದವೊಂದೇ ಅಳತೆಯಲ್ಲ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಮೂರು ಅಂಗುಲದ ಕೆಂಡೈಗೂ ಮೂರು ಅಂಗುಲದ ಜಿಲೇಬಿಗೂ ಉದ್ದ ಸಮ; ಆದರೆ ಜಿಲೇಬಿಯ ಮೈ ಅಗಲ, ಬೆನ್ನ ಮುಳ್ಳು ಚೂಪು. ವಿರಾಲ್ ನುಂಗಬೇಕಾದುದು ಆ ಅಗಲವನ್ನು. ಕೆರೆಯಲ್ಲಿ ಯಾವುದು ಹೆಚ್ಚೆಂಬುದನ್ನು ತಿಳಿಯಲು ಮುಂಜಾನೆ ದಂಡೆಯ ತೆಳುನೀರನ್ನು ಹತ್ತು ನಿಮಿಷ ನೋಡಿದರೆ ಸಾಕು. ಇದಕ್ಕಿಂತ ಉತ್ತಮವಾದ ದಾರಿ, ವಿರಾಲ್ ಕೊಯ್ಯುತ್ತಿರುವ ಮೀನುಗಾರನನ್ನು, ಅಣ್ಣಾ, ಹೊಟ್ಟೆಯಲ್ಲಿ ಏನಿತ್ತು ಎಂದು ಕೇಳುವುದು.

ಮಳೆಯ ಲೆಕ್ಕವೂ ಉಂಟು. ನೈಋತ್ಯ ಮಾರುತ ಪಶ್ಚಿಮಘಟ್ಟದಲ್ಲಿ ಸುರಿದಾಗ ನೊಯ್ಯಲ್ ಹರಿಯುತ್ತದೆ, ಈಶಾನ್ಯ ಮಾರುತ ಅಕ್ಟೋಬರಿನ ನಂತರ ಮತ್ತೆ ತುಂಬಿಸುತ್ತದೆ. ಹೊಸನೀರಿನಲ್ಲಿ ಮರಿಗಳು ಹೇರಳ, ಆಗ ಚಿಕ್ಕದೇ ಸರಿ. ಆದರೆ ಕೆಂಪು ಕದಡಿದ ನೀರಿನಲ್ಲಿ ಮೀನು ಕಣ್ಣಿಗಿಂತ ಕಂಪನವನ್ನು ನಂಬುತ್ತದೆ. ಅಲ್ಲಿ ಉದ್ದ ಹೆಚ್ಚಿಸುವ ಬದಲು ದಪ್ಪಬಾಲದ, ಕಡುಬಣ್ಣದ ಹುಸಿಮೀನು ಹಾಕುವುದು ಉಚಿತ.

ಕೊಕ್ಕೆಯನ್ನು ಹುಸಿಮೀನಿಗೆ ತಕ್ಕಂತೆ ಆರಿಸಬೇಕು. ನಾಲ್ಕು ಅಂಗುಲಕ್ಕೆ ಸಾಮಾನ್ಯವಾಗಿ 3/0 ಕೊಕ್ಕೆ ಒಪ್ಪುತ್ತದೆ. ಸೊನ್ನೆಯಿರುವ ಕ್ರಮದಲ್ಲಿ ಮೊದಲ ಅಂಕಿ ಬೆಳೆದಂತೆ ಕೊಕ್ಕೆ ದೊಡ್ಡದಾಗುತ್ತದೆ; ಸೊನ್ನೆಯಿಲ್ಲದ ಅಂಕಿಗಳಲ್ಲಿ ಇದಕ್ಕೆ ವಿರುದ್ಧ. ಅಂತರಗಂಗೆ ಹಬ್ಬಿದ ಕೆರೆಯಲ್ಲಿ ಕೊಕ್ಕೆಯ ಮೊನೆಯನ್ನು ರಬ್ಬರಿನೊಳಗೆ ಮರೆಮಾಡದಿದ್ದರೆ ಮೀನಿನ ಬದಲು ಬೇರು ಬರುತ್ತದೆ. ಕೋಲಿನ ಮೇಲೆ ಎಷ್ಟು ಗ್ರಾಂ ಎಸೆಯಬಹುದೆಂದು ಅಚ್ಚಾಗಿರುತ್ತದೆ. ಕೊಕ್ಕೆ, ಸೀಸ, ಹುಸಿಮೀನು ಮೂರರ ಒಟ್ಟು ತೂಕ ಆ ಮಿತಿಯೊಳಗೆ ನಿಲ್ಲಬೇಕು.

ಇಷ್ಟೆಲ್ಲ ಸರಿಯಾದ ಮೇಲೂ ಹುಸಿಮೀನನ್ನು ಹಾಕಬಾರದ ಒಂದು ಜಾಗವುಂಟು. ಮಳೆಗಾಲದಲ್ಲಿ ನೀರಿನ ಮೇಲೆ ಕಿತ್ತಳೆಗೆಂಪು ಬಣ್ಣದ ಮರಿಗಳ ಗುಂಪೊಂದು ಗುಳ್ಳೆಯೆಬ್ಬಿಸುತ್ತ ತೇಲುತ್ತಿದ್ದರೆ, ಅದರ ಕೆಳಗೆ ತಾಯಿ ತಂದೆ ವಿರಾಲ್‌ಗಳು ಕಾವಲಿರುತ್ತವೆ. ಗುಂಪಿನ ಮೇಲೆ ದೊಡ್ಡ ಹುಸಿಮೀನು ಹಾಯಿಸಿದರೆ ಅವು ಖಂಡಿತ ಎರಗುತ್ತವೆ. ಆದರೆ ಹಸಿವಿನಿಂದಲ್ಲ, ಮರಿಗಳನ್ನು ಉಳಿಸಿಕೊಳ್ಳಲು. ಕೆಲವರು ಇದನ್ನೇ ಜಾಣತನವೆಂದು ಬಗೆದು, ದೊಡ್ಡ ಅಳತೆ ಫಲಿಸಿತೆಂದು ಹಿಗ್ಗುತ್ತಾರೆ. ಅಲ್ಲಿ ಫಲಿಸಿದ್ದು ಅಳತೆಯಲ್ಲ. ಕಾವಲು ತಪ್ಪಿದ ಗಳಿಗೆಯಲ್ಲೇ ಜಿಲೇಬಿಯೂ ಕೊಕ್ಕರೆಯೂ ಮರಿಗಳನ್ನು ಮುಗಿಸುತ್ತವೆ. ಒಂದು ವಿರಾಲ್ ಕೋಲಿಗೆ ಬಿದ್ದು, ಕೆರೆಯ ಒಂದು ಸಂಸಾರವೇ ಹೋದಂತೆ. ಅಂತಹ ಗುಂಪು ಕಂಡಲ್ಲಿ ದಾರ ಸುತ್ತಿಕೊಂಡು ಐವತ್ತು ಹೆಜ್ಜೆ ಆಚೆ ಹೋಗುವುದೇ ಮರ್ಯಾದೆ.

ಕೆರೆ ಸಾರ್ವಜನಿಕವಾದರೂ ಮೀನು ಎಲ್ಲರದಲ್ಲ ಎಂಬುದನ್ನೂ ಮರೆಯಬಾರದು. ಅನೇಕ ಕೆರೆಗಳ ಮೀನುಗಾರಿಕೆ ಗುತ್ತಿಗೆಯಲ್ಲಿದೆ. ಗುತ್ತಿಗೆದಾರನ ಒಪ್ಪಿಗೆಯಿಲ್ಲದೆ ಹಾಕಿದ ಗಾಳ ಅವನ ಹಕ್ಕಿನೊಳಕ್ಕೆ ಇಟ್ಟ ಕೈ. ಅಮರಾವತಿ, ಆಳಿಯಾರ್, ತಿರುಮೂರ್ತಿ ಜಲಾಶಯಗಳ ಮೀನುಗಾರಿಕೆ ತಮಿಳುನಾಡು ಮೀನುಗಾರಿಕಾ ಅಭಿವೃದ್ಧಿ ನಿಗಮದ ಆಡಳಿತಕ್ಕೆ ಸೇರಿದ್ದು. ಅನುಮತಿ ಅಲ್ಲಿಂದ ಪಡೆಯಬೇಕು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ತಿರುಪ್ಪೂರಿನ ನಂಜರಾಯನ್ ಕೆರೆ ಪಕ್ಷಿಧಾಮ; ಅಲ್ಲಿಗೆ ದೂರದರ್ಶಕ ಸಾಕು, ಕೋಲು ಬೇಡ. ಅಮರಾವತಿಯಲ್ಲಿಯಂತೂ ಮೊಸಳೆಗಳಿವೆ, ಅನುಮತಿಯ ಚೀಟಿ ಜೇಬಿನಲ್ಲಿದ್ದರೂ ಮೊಣಕಾಲಮಟ್ಟದ ನೀರಿಗಿಳಿದು ಎಸೆಯುವ ಸಾಹಸ ಸಲ್ಲದು, ದಂಡೆಯ ಒಣನೆಲದಿಂದಲೇ ಎಸೆಯಬೇಕು.