ಆಳವಾದ ಅಗೆತ ಮತ್ತು ನೆಲದ ಕುಸಿತ: ಕಟ್ಟಡ ಪರವಾನಗಿ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ
ನೆಲಮಾಳಿಗೆಗಾಗಿ ಆಳವಾಗಿ ಅಗೆದಾಗ ಸುತ್ತಲಿನ ಮಣ್ಣು ಗುಂಡಿಯ ಕಡೆಗೆ ಸರಿಯುತ್ತದೆ ಹಾಗೂ ಮೇಲ್ಮೈ ಕುಸಿಯುತ್ತದೆ. ಇದರ ಪರಿಣಾಮವು ಅರ್ಜಿದಾರರ ನಿವೇಶನಕ್ಕೆ ಮಾತ್ರ ಸೀಮಿತವಾಗಿರುವುದಿಲ್ಲ. ಒಂದೇ ಗೋಡೆಯನ್ನು ಎರಡು ಕುಟುಂಬಗಳು ಹಂಚಿಕೊಂಡಿರುವ ಸಾಲುಮನೆಗಳಲ್ಲಿ ನೆರೆಯವರ ಮನೆಯೂ ಬಿರುಕು ಬಿಡಬಹುದು.

ಸ್ಥಳೀಯ ಹಿನ್ನೆಲೆ
ಚಾಂಪಿಯನ್ ರೀಫ್ಸ್ ಗಣಿಯು ಸುಮಾರು 3.2 ಕಿ.ಮೀ. ಆಳ ತಲುಪಿತ್ತು. ಅದಿರನ್ನು ತೆಗೆದಂತೆಲ್ಲಾ ಮೇಲಿನ ಭಾರವು ಉಳಿದ ಬಂಡೆಯ ಮೇಲೆ ಬಿದ್ದು, ಬಂಡೆಯು ಹಠಾತ್ತನೆ ಸಿಡಿಯುತ್ತಿತ್ತು. ಈ ಅನುಭವದ ನೆಲದಲ್ಲಿಯೇ 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಸ್ಥಾಪನೆಗೊಂಡಿತು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ನೆಲಮಾಳಿಗೆಯ ಗುಂಡಿಯು ಗಣಿಯಷ್ಟು ಆಳವಲ್ಲವಾದರೂ, ತೆಗೆದ ಭಾಗದ ಆಸರೆಯನ್ನು ಬೇರೊಂದು ಭಾಗ ಹೊರಬೇಕೆಂಬ ನಿಯಮ ಎರಡಕ್ಕೂ ಒಂದೇ.

ಸಂಖ್ಯಾತ್ಮಕ ಮಾದರಿ ಎಂದರೇನು?
ಗಣಕಯಂತ್ರದಲ್ಲಿ ನೆಲವನ್ನು ಸಾವಿರಾರು ಸಣ್ಣ ಭಾಗಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಪದರದ ತೂಕ, ಗಡಸುತನ, ಅಂಟುಗುಣ, ಕಣಗಳ ಘರ್ಷಣೆ ಹಾಗೂ ಅಂತರ್ಜಲ ಮಟ್ಟವನ್ನು ನಮೂದಿಸಲಾಗುತ್ತದೆ. ನಂತರ ಕಾಮಗಾರಿಯ ಕ್ರಮದಲ್ಲಿಯೇ ಒಂದೊಂದು ಹಂತದ ಮಣ್ಣನ್ನು ತೆಗೆದು, ಆಸರೆಯನ್ನು ಸೇರಿಸಿ, ಗೋಡೆ ಎಷ್ಟು ಬಾಗುವುದು, ಪಕ್ಕದ ಅಡಿಪಾಯ ಎಷ್ಟು ಇಳಿಯುವುದು ಎಂದು ಲೆಕ್ಕ ಹಾಕಲಾಗುತ್ತದೆ. ಆಸರೆ ಕೊಡುವ ಮುನ್ನ ಹೆಚ್ಚು ಆಳ ಅಗೆದರೆ ಆಗುವ ವ್ಯತ್ಯಾಸವು ಇದರಿಂದ ಮುಂಚಿತವಾಗಿ ತಿಳಿಯುತ್ತದೆ.

ಮಿತಿಗಳು
ಜಮಾಖರ್ಚಿನ ಮೂಲ ನಮೂದು ತಪ್ಪಾದರೆ ಶಿಲ್ಕು ತಪ್ಪಾಗುವಂತೆ, ಮಣ್ಣಿನ ಪರೀಕ್ಷೆ ಸರಿಯಿಲ್ಲದಿದ್ದರೆ ಮಾದರಿಯ ಫಲಿತಾಂಶವೂ ಸರಿಯಿರುವುದಿಲ್ಲ. ಬೇಸಿಗೆಯಲ್ಲಿ ಅಳೆದ ನೀರಿನ ಮಟ್ಟವು ಮಳೆಗಾಲಕ್ಕೆ ಅನ್ವಯಿಸದು. ಆದ್ದರಿಂದ ಕಾಮಗಾರಿ ನಡೆಯುವಾಗ ನೆಲದ ಚಲನೆಯನ್ನು ಅಳೆದು ಲೆಕ್ಕದೊಂದಿಗೆ ಹೋಲಿಸಿ ನೋಡುವುದು ಅವಶ್ಯಕ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು
1. ಸಾಧಾರಣ ಮನೆಯ ಅಡಿಪಾಯಕ್ಕೆ ಇಂತಹ ಮಾದರಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೆಲಮಾಳಿಗೆ ಇದ್ದಲ್ಲಿ ಅರ್ಹ ಇಂಜಿನಿಯರರ ಸಲಹೆ ಪಡೆಯತಕ್ಕದ್ದು.
2. ನಿವೇಶನವು ಹಳೆಯ ಗಣಿಬಾವಿ ಅಥವಾ ಸಯನೈಡ್ ದಿಬ್ಬದ ಸಮೀಪವಿದ್ದಲ್ಲಿ ಆ ಸಂಗತಿಯನ್ನು ಇಂಜಿನಿಯರರಿಗೆ ತಪ್ಪದೇ ತಿಳಿಸುವುದು. ದಿಬ್ಬದ ನುಣುಪು ಪುಡಿಯು ಸಹಜ ಮಣ್ಣಲ್ಲ.
3. ಅಗೆತ ಆರಂಭಿಸುವ ಮುನ್ನ ನೆರೆಯ ಮನೆಗಳಲ್ಲಿ ಈಗಾಗಲೇ ಇರುವ ಬಿರುಕುಗಳ ಛಾಯಾಚಿತ್ರವನ್ನು ದಿನಾಂಕ ಸಹಿತ ತೆಗೆದಿರಿಸುವುದು. ಇದು ಉಭಯ ಪಕ್ಷಗಳಿಗೂ ರಕ್ಷಣೆ.
4. ಅಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲಿ ರಾಶಿ ಹಾಕಬಾರದು.
5. ಹೊಸ ಬಿರುಕು ಅಥವಾ ಅಂಚಿನಲ್ಲಿ ಸೀಳು ಕಂಡುಬಂದಲ್ಲಿ ಕೆಲಸವನ್ನು ತಕ್ಷಣ ನಿಲ್ಲಿಸಿ, ಕಾರ್ಮಿಕರನ್ನು ಮೇಲಕ್ಕೆ ಕರೆಯಿಸಿ, ಇಂಜಿನಿಯರರಿಗೆ ತಿಳಿಸುವುದು.

ಪರವಾನಗಿ ಪತ್ರವು ಮಣ್ಣನ್ನು ಹಿಡಿದು ನಿಲ್ಲಿಸುವುದಿಲ್ಲ. ಸರಿಯಾದ ಪರೀಕ್ಷೆ ಮತ್ತು ಸಕಾಲದ ಆಸರೆ ಮಾತ್ರ ಅದನ್ನು ಹಿಡಿದು ನಿಲ್ಲಿಸಬಲ್ಲವು. ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.